ದ್ರಾವಣದ ಒಳಗುಟ್ಟನ್ನು ಅರಿತ ಸ್ವಾಂಟೆ ಅರ್ಹೇನಿಯಸ್

ಹೊರನಾಡ ಕನ್ನಡಿಗರ ಮನೆಗಳಲ್ಲಿ ಬೇಸಗೆಯ ಕೊನೆಯೆಂದರೆ ಪರೀಕ್ಷಾ ಫಲಿತಾಂಶಗಳ ಕಾಲ. ಮಕ್ಕಳ ಅಂಕಪಟ್ಟಿ ಕೈಗೆ ಬಂದೊಡನೆ ಕೆಲವು ಮನೆಗಳಲ್ಲಿ ಸಿಹಿ ಹಂಚಿಕೆಯಾಗುತ್ತದೆ, ಕೆಲವು ಮನೆಗಳಲ್ಲಿ ಮೌನ ನೆಲೆಸುತ್ತದೆ. ಕಲಾ ವಿಭಾಗದಲ್ಲಿ ಪದವಿ ಪಡೆದು, ಬ್ಯಾಂಕಿನ ಲೆಕ್ಕಪತ್ರಗಳ ನಡುವೆಯೇ ಆಯುಷ್ಯದ ಬಹುಭಾಗವನ್ನು ಕಳೆದ ನಮಗೆ ರಸಾಯನಶಾಸ್ತ್ರದಲ್ಲಿ ಪಾಂಡಿತ್ಯವಿಲ್ಲ. ಆದರೂ 1884ರಲ್ಲಿ ಸ್ವೀಡನ್ ದೇಶದ ಒಬ್ಬ ತರುಣನಿಗೆ ದೊರೆತ ಕಡಿಮೆ ದರ್ಜೆಯ ಕಥೆಯನ್ನು ಓದಿದಾಗ, ಅದನ್ನು ನಮ್ಮ ಓದುಗರೊಂದಿಗೆ, ವಿಶೇಷವಾಗಿ ಮಕ್ಕಳ ತಂದೆತಾಯಿಗಳೊಂದಿಗೆ ಹಂಚಿಕೊಳ್ಳಬೇಕೆನಿಸಿತು. ಆ ತರುಣರೇ ಮುಂದೆ ನೊಬೆಲ್ ಪ್ರಶಸ್ತಿಗೆ ಪಾತ್ರರಾದ ಸ್ವಾಂಟೆ ಅರ್ಹೇನಿಯಸ್. ಉಪ್ಪು ನೀರಿನಲ್ಲಿ ಕರಗಿದಾಗ ನಿಜವಾಗಿ ಏನಾಗುತ್ತದೆ ಎಂಬ, ಮೇಲುನೋಟಕ್ಕೆ ಅತಿ ಸರಳವಾದ ಪ್ರಶ್ನೆಗೆ ಉತ್ತರ ಹುಡುಕಿದವರು ಅವರು.

ಜನನ ಮತ್ತು ಬಾಲ್ಯ

ಸ್ವಾಂಟೆ ಆಗಸ್ಟ್ ಅರ್ಹೇನಿಯಸ್ ಅವರು 1859ರ ಫೆಬ್ರವರಿ 19ರಂದು ಸ್ವೀಡನ್ನಿನ ಉಪ್ಸಾಲಾ ನಗರದ ಸಮೀಪದ ವಿಕ್ ಎಂಬಲ್ಲಿ ಜನಿಸಿದರು. ತಂದೆ ಸ್ವಾಂಟೆ ಗುಸ್ತಾಫ್ ಭೂಮಾಪನದ ಕೆಲಸದಲ್ಲಿದ್ದವರು. ತಾಯಿ ಕರೋಲಿನಾ ಕ್ರಿಸ್ಟಿನಾ. ಮಗು ಹುಟ್ಟಿದ ಮರುವರ್ಷವೇ ಕುಟುಂಬವು ಉಪ್ಸಾಲಾಕ್ಕೆ ಬಂದು ನೆಲೆಸಿತು. ಮೂರನೆಯ ವಯಸ್ಸಿನಲ್ಲಿಯೇ ಬಾಲಕ ಯಾರೂ ಕಲಿಸದೆ ಓದಲು ಕಲಿತನೆಂದೂ, ತಂದೆಯ ಲೆಕ್ಕದ ಪುಸ್ತಕಗಳಲ್ಲಿನ ಅಂಕಿಗಳನ್ನು ನೋಡುತ್ತ ನೋಡುತ್ತ ಕೂಡುವುದನ್ನು ಕರಗತ ಮಾಡಿಕೊಂಡನೆಂದೂ ಹೇಳುತ್ತಾರೆ. ಲೆಕ್ಕದ ಪುಸ್ತಕಗಳೊಡನೆ ದಿನ ಕಳೆಯುವ ನಮ್ಮಂಥವರಿಗೆ ಈ ಸಂಗತಿ ಸಹಜವಾಗಿಯೇ ಪ್ರಿಯವಾಗುತ್ತದೆ.

ಉಪ್ಸಾಲಾದ ಕೆಥೆಡ್ರಲ್ ಶಾಲೆಯಲ್ಲಿ ವ್ಯಾಸಂಗ ಮುಗಿಸಿ 1876ರಲ್ಲಿ ಅವರು ಅದೇ ನಗರದ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಪೆರ್ ಟಿಯೊಡೊರ್ ಕ್ಲೀವ್ ಸಾಮಾನ್ಯರಲ್ಲ. 1879ರಲ್ಲಿ ಹೋಲ್ಮಿಯಂ ಮತ್ತು ಥುಲಿಯಂ ಎಂಬ ಎರಡು ಮೂಲವಸ್ತುಗಳನ್ನು ಗುರುತಿಸಿದ ವಿದ್ವಾಂಸರು. ಆದರೆ ಉಪ್ಸಾಲಾದ ಬೋಧನೆಯಿಂದ ಅರ್ಹೇನಿಯಸ್ ಅವರಿಗೆ ತೃಪ್ತಿಯಾಗಲಿಲ್ಲ. 1881ರಲ್ಲಿ ಅವರು ರಾಜಧಾನಿ ಸ್ಟಾಕ್‌ಹೋಮಿಗೆ ತೆರಳಿ, ವಿಜ್ಞಾನ ಅಕಾಡೆಮಿಯಲ್ಲಿ ಎರಿಕ್ ಎಡ್ಲುಂಡ್ ಎಂಬ ಭೌತವಿಜ್ಞಾನಿಯ ಕೈಕೆಳಗೆ ಸಂಶೋಧನೆಗೆ ತೊಡಗಿದರು.

ಉಪ್ಪು, ಸಕ್ಕರೆ ಮತ್ತು ನೀರು

ಅವರ ಸಂಶೋಧನೆಯ ಮಹತ್ವವನ್ನು ತಿಳಿಯಲು ಶಾಲೆಯ ಮೊದಲ ಪಾಠಗಳನ್ನು ಒಮ್ಮೆ ನೆನಪಿಸಿಕೊಳ್ಳುವುದು ಒಳಿತು. ಕರಗುವ ವಸ್ತು ದ್ರಾವ್ಯ, ಕರಗಿಸಿಕೊಳ್ಳುವ ದ್ರವ ದ್ರಾವಕ, ಎರಡೂ ಬೆರೆತು ಆದದ್ದು ದ್ರಾವಣ. ಗೊತ್ತಾದ ಪ್ರಮಾಣದ ದ್ರಾವಣದಲ್ಲಿ ಎಷ್ಟು ದ್ರಾವ್ಯವಿದೆ ಎಂಬುದೇ ಅದರ ಸಾರತೆ. ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಹಾಕಿದರೆ ಸಾರತೆ ಕಡಿಮೆ, ಮೂರು ಚಮಚ ಹಾಕಿದರೆ ಹೆಚ್ಚು. ಆದರೆ ಇದಕ್ಕೂ ಒಂದು ಮಿತಿಯುಂಟು. ಇನ್ನು ಕರಗಲಾರದೆಂಬ ಹಂತ ಬಂದಾಗ ಆ ದ್ರಾವಣವನ್ನು ಪರ್ಯಾಪ್ತ ದ್ರಾವಣವೆಂದೂ, ಆ ಮಿತಿಯನ್ನು ವಸ್ತುವಿನ ವಿಲೀನತೆಯೆಂದೂ ಕರೆಯುತ್ತಾರೆ.

ನೂರು ಗ್ರಾಂ ನೀರಿನಲ್ಲಿ ಸಾಧಾರಣ ಉಷ್ಣತೆಯಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ. ಸಕ್ಕರೆಯಾದರೋ ಸುಮಾರು 200 ಗ್ರಾಂ. ಕುದಿಯುವ ನೀರಿನಲ್ಲಿ ಉಪ್ಪಿನ ಮಿತಿ 39 ಗ್ರಾಮಿಗೆ ಮಾತ್ರ ಏರಿದರೆ, ಸಕ್ಕರೆಯ ಮಿತಿ ಎರಡು ಪಟ್ಟಿಗೂ ಮೀರುತ್ತದೆ. ಆದ್ದರಿಂದಲೇ ಗಟ್ಟಿ ಪಾಕವನ್ನು ತಣಿಯಲು ಬಿಟ್ಟರೆ ಕಲ್ಲುಸಕ್ಕರೆಯ ಹರಳು ಕಟ್ಟುತ್ತದೆ, ಉಪ್ಪುನೀರನ್ನು ತಣಿಸಿದರೆ ಹೆಚ್ಚೇನೂ ಆಗುವುದಿಲ್ಲ. ಉಪ್ಪು ಬೇಕಾದರೆ ನೀರನ್ನೇ ಆವಿಯಾಗಿಸಬೇಕು. ಗೋಕರ್ಣದ ಸಮೀಪದ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ಬಲ್ಲವರಿಗೆ, ಮುಂಬಯಿಯ ವಡಾಲಾ, ಭಾಂಡುಪ್ ಕಡೆಯ ಆಗರಗಳನ್ನು ರೈಲಿನಿಂದ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಮುದ್ರದ ನೀರು ಬಿಸಿಲಿಗೆ ಬತ್ತಿ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿದಾಗ ಉಪ್ಪು ಹರಳಾಗತೊಡಗುತ್ತದೆ.

ಇಷ್ಟನ್ನು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಬಲ್ಲವರಾಗಿದ್ದರು. ಅವರನ್ನು ಕಾಡುತ್ತಿದ್ದುದು ಬೇರೆ ಒಗಟು. ಸಕ್ಕರೆಯ ನೀರು ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಉಪ್ಪಿನ ನೀರು ಹರಿಯಗೊಡುತ್ತದೆ. ಶುದ್ಧವಾದ ಒಣ ಉಪ್ಪೂ ಹರಿಯಗೊಡುವುದಿಲ್ಲ, ಶುದ್ಧ ನೀರೂ ಹೆಚ್ಚುಕಡಿಮೆ ಹರಿಯಗೊಡುವುದಿಲ್ಲ. ಎರಡೂ ಕೂಡಿದಾಗ ಮಾತ್ರ ದಾರಿ ತೆರೆಯುತ್ತದೆ. ಮೈಕೆಲ್ ಫ್ಯಾರಡೆ ಅವರ ಕಾಲದಿಂದಲೂ, ವಿದ್ಯುತ್ತನ್ನು ಹರಿಸಿದಾಗ ಮಾತ್ರವೇ ಕರಗಿದ ವಸ್ತು ಒಡೆದು ಅಯಾನುಗಳೆಂಬ ವಿದ್ಯುದಾವಿಷ್ಟ ಕಣಗಳಾಗುತ್ತವೆ ಎಂಬ ಅಭಿಪ್ರಾಯ ಬೇರೂರಿತ್ತು.

ನಿದ್ದೆ ಬಾರದ ರಾತ್ರಿ

1882ರಿಂದ 83ರ ಚಳಿಗಾಲದಲ್ಲಿ ಅರ್ಹೇನಿಯಸ್ ಅವರು ಅತ್ಯಂತ ತೆಳುವಾದ ದ್ರಾವಣಗಳ ವಿದ್ಯುದ್ವಾಹಕತೆಯನ್ನು ಅಳೆಯುತ್ತ ಕುಳಿತರು. ಅವರಿಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ದ್ರಾವಣಕ್ಕೆ ನೀರು ಬೆರೆಸಿ ಅದನ್ನು ತೆಳುವಾಗಿಸಿದಷ್ಟೂ, ಅದರಲ್ಲಿ ಕರಗಿರುವ ಪ್ರತಿಯೊಂದು ಗ್ರಾಂ ವಸ್ತುವೂ ಮೊದಲಿಗಿಂತ ಹೆಚ್ಚು ಸಮರ್ಥವಾಗಿ ವಿದ್ಯುತ್ತನ್ನು ಒಯ್ಯುತ್ತಿತ್ತು. ಒಟ್ಟು ಸಾರತೆ ಇಳಿಯುತ್ತಿದ್ದರೂ ಕರಗಿದ ವಸ್ತುವಿನ ಕಸುವು ಏರುತ್ತಿತ್ತು.

1883ರ ಮೇ 17ರ ರಾತ್ರಿ ಇದಕ್ಕೆ ಉತ್ತರ ಹೊಳೆಯಿತೆಂದೂ, ಇಡೀ ಸಮಸ್ಯೆಯನ್ನು ಬಿಡಿಸಿ ಮುಗಿಸುವವರೆಗೆ ತಮಗೆ ನಿದ್ದೆ ಬರಲಿಲ್ಲವೆಂದೂ ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಕರಗಿದ ಅಣುಗಳಲ್ಲಿ ಒಂದು ಪಾಲು ಸಕ್ರಿಯ, ಉಳಿದ ಪಾಲು ನಿಷ್ಕ್ರಿಯ. ನೀರು ಹೆಚ್ಚಾದಂತೆ ಸಕ್ರಿಯ ಪಾಲು ಹೆಚ್ಚುತ್ತದೆ ಎಂಬುದೇ ಆ ಉತ್ತರ. ಈ ಸಕ್ರಿಯ ಪಾಲೆಂದರೆ ಅಯಾನುಗಳಾಗಿ ಬೇರ್ಪಟ್ಟ ಪಾಲು ಎಂದು ಅವರು ಸ್ಪಷ್ಟವಾಗಿ ಸಾರಿದ್ದು ಕೆಲವು ವರ್ಷಗಳ ನಂತರ, 1887ರಲ್ಲಿ. ಉಪ್ಪನ್ನು ಒಡೆಯಲು ವಿದ್ಯುತ್ತು ಬೇಕಾಗಿಲ್ಲ, ನೀರೇ ಸಾಕು ಎಂಬುದು ಅದರ ತಿರುಳು.

ಇಂದು ಹತ್ತನೆಯ ತರಗತಿಯ ಮಕ್ಕಳೂ ನಿರಾಯಾಸವಾಗಿ ಹೇಳುವ ಈ ಮಾತು ಅಂದಿನವರಿಗೆ ವಿಪರೀತವಾಗಿ ಕಂಡಿತು. ಅದಕ್ಕೆ ಕಾರಣವೂ ಇತ್ತು. ಸೋಡಿಯಂ ಲೋಹವನ್ನು ನೀರಿಗೆ ಹಾಕಿದರೆ ಉರಿದು ಸಿಡಿಯುತ್ತದೆ. ಕ್ಲೋರಿನ್ ಉಸಿರುಗಟ್ಟಿಸುವ ವಿಷಾನಿಲ. ಒಂದು ಲೋಟ ಉಪ್ಪುನೀರಿನಲ್ಲಿ ಇವೆರಡೂ ಬಿಡಿಬಿಡಿಯಾಗಿ ಅಲೆದಾಡುತ್ತಿವೆ ಎಂದರೆ ನಂಬುವವರಾರು? ವಿದ್ಯುದಾವೇಶ ಹೊತ್ತ ಪರಮಾಣುವಿನ ಗುಣ ಆವೇಶವಿಲ್ಲದ ಪರಮಾಣುವಿನ ಗುಣಕ್ಕಿಂತ ತೀರ ಬೇರೆ ಎಂಬ ತಿಳಿವಳಿಕೆ ಆಗಿನ್ನೂ ಬಲಿತಿರಲಿಲ್ಲ. ತರುಣ ಅರ್ಹೇನಿಯಸ್ ತಮ್ಮ ಹೊಸ ವಿಚಾರವನ್ನು ಕ್ಲೀವ್ ಅವರಲ್ಲಿ ನಿವೇದಿಸಿಕೊಂಡಾಗ, ಗುರುಗಳು ಸ್ವಾರಸ್ಯಕರವಾಗಿದೆಯೆಂದಷ್ಟೇ ಹೇಳಿ ಬೀಳ್ಕೊಟ್ಟರಂತೆ.

ನಾಲ್ಕನೆಯ ದರ್ಜೆ

1884ರಲ್ಲಿ ಅರ್ಹೇನಿಯಸ್ ಅವರು ಸುಮಾರು 150 ಪುಟಗಳ ತಮ್ಮ ಮಹಾಪ್ರಬಂಧವನ್ನು ಫ್ರೆಂಚ್ ಭಾಷೆಯಲ್ಲಿ ರಚಿಸಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಅದರಲ್ಲಿ 56 ಪ್ರತಿಪಾದನೆಗಳಿದ್ದವು. ಪರೀಕ್ಷಕರು ಪ್ರಬಂಧಕ್ಕೆ ನೀಡಿದ್ದು ನಾಲ್ಕನೆಯ ದರ್ಜೆ. ಮೌಖಿಕ ಸಮರ್ಥನೆಗೆ ತುಸು ಮೇಲಿನ ದರ್ಜೆ ದೊರೆಯಿತು. ಡಾಕ್ಟರ್ ಪದವಿಯೇನೋ ಬಂದಿತು. ಆದರೆ ಅದೇ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗುವ ಬಾಗಿಲನ್ನು ಆ ದರ್ಜೆ ಮುಚ್ಚಿದಂತಾಯಿತು. ಆಗ ಅವರಿಗೆ ಇಪ್ಪತ್ತೈದು ವರ್ಷ.

ಇಲ್ಲಿ ಪರೀಕ್ಷಕರನ್ನು ದುಷ್ಟರೆಂದು ಚಿತ್ರಿಸುವುದು ಸುಲಭ, ಆದರೆ ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ. ಪ್ರಬಂಧವು ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರಗಳ ಗಡಿಯಲ್ಲಿ ನಿಂತಿತ್ತು. ಹೊಸ ವಸ್ತುಗಳನ್ನು ತಯಾರಿಸಿ ತೂಗಿ ನೋಡುವುದೇ ರಸಾಯನಶಾಸ್ತ್ರವೆಂದು ನಂಬಿದವರಿಗೆ ಅದು ಬರಿಯ ಊಹೆಯಾಗಿ ಕಂಡಿತು. ಭೌತಶಾಸ್ತ್ರಜ್ಞರಿಗೆ ಅದು ತಮ್ಮ ವಿಷಯವಲ್ಲವೆನಿಸಿತು. ಬಲ್ಲವರು ತಾವು ಬಲ್ಲ ಅಳತೆಗೋಲಿನಿಂದಲೇ ಅಳೆದರು. ಆ ಅಳತೆಗೋಲಿಗೆ ಈ ಕೃತಿ ನಿಲುಕಲಿಲ್ಲ.

ರಿಗಾದಿಂದ ಬಂದ ಅತಿಥಿ

ಅರ್ಹೇನಿಯಸ್ ಎದೆಗುಂದಲಿಲ್ಲ. ಪ್ರಬಂಧದ ಪ್ರತಿಗಳನ್ನು ಯೂರೋಪಿನ ಹೆಸರಾಂತ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ಅವುಗಳಲ್ಲಿ ಒಂದು ರಿಗಾ ನಗರದಲ್ಲಿದ್ದ ವಿಲ್ಹೆಲ್ಮ್ ಆಸ್ಟ್‌ವಾಲ್ಡ್ ಎಂಬ ತರುಣ ಪ್ರಾಧ್ಯಾಪಕರ ಕೈಸೇರಿತು. ಅದೇ ದಿನ ಅವರಿಗೆ ಹಲ್ಲುನೋವು ಕಾಡುತ್ತಿತ್ತು, ಅದೇ ದಿನ ಮಗಳೂ ಹುಟ್ಟಿದ್ದಳು. ಈ ಮೂರರಲ್ಲಿ ತಮ್ಮನ್ನು ಹೆಚ್ಚು ಕಂಗೆಡಿಸಿದ್ದು ಆ ಪ್ರಬಂಧವೇ ಎಂದು ಆಸ್ಟ್‌ವಾಲ್ಡ್ ಮುಂದೆ ಬರೆದುಕೊಂಡಿದ್ದಾರೆ. ಆಮ್ಲಗಳ ಬಲಾಬಲವನ್ನು ಕುರಿತು ತಾವು ನಡೆಸಿದ್ದ ಪ್ರಯೋಗಗಳಿಗೆ ಇದರಲ್ಲಿ ಉತ್ತರವಿರುವುದನ್ನು ಅವರು ಕಂಡುಕೊಂಡರು. ಆ ವರ್ಷದ ಆಗಸ್ಟಿನಲ್ಲಿ ಸ್ವತಃ ಉಪ್ಸಾಲಾಕ್ಕೆ ಬಂದು ಅರ್ಹೇನಿಯಸ್ ಅವರನ್ನು ಭೇಟಿಯಾಗಿ, ರಿಗಾದಲ್ಲಿ ಸ್ಥಾನ ನೀಡುವುದಾಗಿ ಆಹ್ವಾನಿಸಿದರು.

ತಂದೆ ಕಾಯಿಲೆಯಲ್ಲಿದ್ದುದರಿಂದ ಅರ್ಹೇನಿಯಸ್ ಆ ಆಹ್ವಾನವನ್ನು ಕೂಡಲೇ ಸ್ವೀಕರಿಸಲಿಲ್ಲ. ಆದರೆ ಪರಸ್ಥಳದ ವಿದ್ವಾಂಸರು ಮನ್ನಣೆ ನೀಡಿದ ಮೇಲೆ ಉಪ್ಸಾಲಾದ ಮನಸ್ಸೂ ಬದಲಾಯಿತು. ಆ ವರ್ಷದ ಕೊನೆಯೊಳಗೆ ಅವರಿಗೆ ಅಧ್ಯಾಪಕ ಸ್ಥಾನ ದೊರೆಯಿತು. 1885ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಅಕಾಡೆಮಿಯ ಪ್ರವಾಸ ವೇತನ ದೊರೆತಾಗ ಅವರು ರಿಗಾದಲ್ಲಿ ಆಸ್ಟ್‌ವಾಲ್ಡ್, ವುರ್ಟ್ಸ್‌ಬರ್ಗಿನಲ್ಲಿ ಕೋಲ್ರಾಷ್, ಗ್ರಾಟ್ಸ್‌ನಲ್ಲಿ ಬೋಲ್ಟ್ಸ್‌ಮನ್, ಆಮ್‌ಸ್ಟರ್‌ಡ್ಯಾಮಿನಲ್ಲಿ ವಾಂಟ್ ಹಾಫ್ ಹೀಗೆ ಮಹನೀಯರ ಪ್ರಯೋಗಶಾಲೆಗಳಲ್ಲಿ ದುಡಿದರು.

ಕಣಗಳನ್ನು ಎಣಿಸುವ ಲೆಕ್ಕ

ಸಿದ್ಧಾಂತಕ್ಕೆ ಬಲವಾದ ಸಾಕ್ಷಿ ಒದಗಿದ್ದು ಬೇರೊಂದು ದಿಕ್ಕಿನಿಂದ. ನೀರಿನಲ್ಲಿ ಏನನ್ನಾದರೂ ಕರಗಿಸಿದರೆ ಅದು ಸೊನ್ನೆ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಫ್ರಾನ್ಸಿನ ರೌಲ್ಟ್ ಅವರು ಇದನ್ನು ನಿಖರವಾಗಿ ಅಳೆದಿದ್ದರು. ಒಂದು ಕಿಲೋ ನೀರಿನಲ್ಲಿ 34.2 ಗ್ರಾಂ ಸಕ್ಕರೆ ಕರಗಿಸಿದರೆ ಹೆಪ್ಪುಗಟ್ಟುವ ಉಷ್ಣತೆ ಸುಮಾರು 0.19 ಡಿಗ್ರಿ ಇಳಿಯುತ್ತದೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅಷ್ಟೇ ಸಂಖ್ಯೆಯ ಘಟಕಗಳಿರುವ 5.85 ಗ್ರಾಂ ಉಪ್ಪನ್ನು ಕರಗಿಸಿದರೆ ಅದು ಸುಮಾರು 0.35 ಡಿಗ್ರಿ ಇಳಿಯುತ್ತದೆ, ಅಂದರೆ ಹತ್ತಿರಹತ್ತಿರ ಎರಡರಷ್ಟು. ಒಂದು ಉಪ್ಪು ನೀರಿನಲ್ಲಿ ಎರಡು ಕಣವಾಗಿ ಒಡೆದಿದೆ ಎಂದೊಪ್ಪಿದರೆ ಈ ಒಗಟು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ವಾಂಟ್ ಹಾಫ್ ಅವರು ಅಭಿಸರಣ ಒತ್ತಡದ ಅಧ್ಯಯನದಲ್ಲಿ ಕಂಡಿದ್ದ ಇಂಥದೇ ವ್ಯತ್ಯಾಸಕ್ಕೂ ಇದೇ ಉತ್ತರವಾಯಿತು.

ತಕ್ಕಡಿ ಹೇಳುವ ಸಾರತೆಯೊಂದು, ದ್ರಾವಣದಲ್ಲಿ ನಿಜವಾಗಿ ಓಡಾಡುವ ಕಣಗಳ ಸಂಖ್ಯೆ ಮತ್ತೊಂದು. ಈ ಭೇದವನ್ನು ಎತ್ತಿ ತೋರಿಸಿದ್ದೇ ಅರ್ಹೇನಿಯಸ್ ಅವರ ಹಿರಿಮೆ. 1888ರಲ್ಲಿ ಆಸ್ಟ್‌ವಾಲ್ಡ್ ಇದರ ಆಧಾರದ ಮೇಲೆ ದುರ್ಬಲ ಆಮ್ಲಗಳನ್ನು ಕುರಿತ ತಮ್ಮ ನಿಯಮವನ್ನು ರೂಪಿಸಿದರು. 1889ರಲ್ಲಿ ವಾಲ್ಟರ್ ನೆರ್ನ್ಸ್ಟ್ ಇದನ್ನು ವಿಲೀನತೆಗೆ ಅನ್ವಯಿಸಿದರು. ಪರ್ಯಾಪ್ತವಾದ ಉಪ್ಪುನೀರಿಗೆ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದರೆ ಉಪ್ಪಿನ ಹರಳುಗಳು ತಳಕ್ಕಿಳಿಯುವುದೇಕೆ? ಆಮ್ಲದಿಂದ ಬಂದ ಹೆಚ್ಚುವರಿ ಕ್ಲೋರೈಡ್ ಅಯಾನುಗಳ ದೆಸೆಯಿಂದ. ಆಸ್ಪತ್ರೆಯಲ್ಲಿ ಹೊಟ್ಟೆಯ ಎಕ್ಸ್‌ರೇ ತೆಗೆಯುವ ಮುನ್ನ ಕುಡಿಸುವ ಬೇರಿಯಂ ಸಲ್ಫೇಟ್ ಏಕೆ ಅಪಾಯಕಾರಿಯಲ್ಲ? ಬೇರಿಯಂ ಅಯಾನು ವಿಷವೇ ಆದರೂ, ಆ ಲವಣ ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು ಎರಡೂವರೆ ಮಿಲಿಗ್ರಾಂ ಮಾತ್ರ. ಇಂಥ ಪ್ರಶ್ನೆಗಳಿಗೆಲ್ಲ ಅಯಾನುಗಳ ಲೆಕ್ಕವೇ ಉತ್ತರ ಹೇಳುತ್ತದೆ.

ಸ್ಥಾನಮಾನ

1891ರಲ್ಲಿ ಸ್ಟಾಕ್‌ಹೋಮ್ ಉನ್ನತ ವಿದ್ಯಾಲಯದಲ್ಲಿ ಉಪನ್ಯಾಸಕರಾದ ಅವರು 1895ರಲ್ಲಿ ಪ್ರಾಧ್ಯಾಪಕರೂ ಮುಂದೆ ಅದರ ಮುಖ್ಯಸ್ಥರೂ ಆದರು. 1894ರಲ್ಲಿ ತಮ್ಮ ಶಿಷ್ಯೆ ಸೋಫಿಯಾ ರುಡ್‌ಬೆಕ್ ಅವರೊಡನೆ ವಿವಾಹವಾಯಿತು. ಒಬ್ಬ ಮಗ ಹುಟ್ಟಿದ ಬಳಿಕ ಆ ದಾಂಪತ್ಯ 1896ರಲ್ಲಿ ಮುರಿದುಬಿತ್ತು. ಅದೇ ವರ್ಷ ಅವರು ವಾತಾವರಣದಲ್ಲಿನ ಇಂಗಾಲದ ಡೈಆಕ್ಸೈಡಿನ ಪ್ರಮಾಣ ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಕೈಯಲ್ಲೇ ಲೆಕ್ಕಹಾಕಿ ಪ್ರಕಟಿಸಿದರು. ಅದು ಎರಡರಷ್ಟಾದರೆ ಉಷ್ಣತೆ ಸುಮಾರು ಐದಾರು ಡಿಗ್ರಿ ಏರುವುದೆಂಬುದು ಅವರ ಲೆಕ್ಕ. ಇದೂ ಒಂದು ಬಗೆಯ ಸಾರತೆಯ ಲೆಕ್ಕವೇ. ಅಂದು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 300 ಪಾಲಿದ್ದ ಆ ಅನಿಲ 2024ರ ವೇಳೆಗೆ 420ನ್ನು ದಾಟಿತ್ತು. 1905ರಲ್ಲಿ ಅವರು ಮರಿಯಾ ಯೋಹಾನ್ಸನ್ ಅವರನ್ನು ವರಿಸಿದರು.

1903ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಅರ್ಹೇನಿಯಸ್ ಅವರಿಗೆ ಸಂದಿತು. ಆ ಪ್ರಶಸ್ತಿ ಪಡೆದ ಮೊದಲ ಸ್ವೀಡಿಷ್ ಪ್ರಜೆ ಅವರು. ಪ್ರಶಸ್ತಿ ದೊರೆತದ್ದು ಯಾವ ವಿಚಾರಕ್ಕೆ ನಾಲ್ಕನೆಯ ದರ್ಜೆ ಬಂದಿತ್ತೋ ಅದೇ ವಿಚಾರಕ್ಕೆ. ಮಧ್ಯೆ ಕಳೆದದ್ದು ಹತ್ತೊಂಬತ್ತು ವರ್ಷ. ಕ್ಲೀವ್ ಅವರೂ ಆ ವೇಳೆಗೆ ಶಿಷ್ಯನ ಸಿದ್ಧಾಂತದ ಹಿರಿಮೆಯನ್ನು ಒಪ್ಪಿಕೊಂಡಿದ್ದರು. 1905ರಲ್ಲಿ ಅರ್ಹೇನಿಯಸ್ ಅವರು ಭೌತರಸಾಯನಶಾಸ್ತ್ರದ ನೊಬೆಲ್ ಸಂಸ್ಥೆಯ ನಿರ್ದೇಶಕರಾಗಿ ನಿಯುಕ್ತರಾದರು.

ಪರೀಕ್ಷಕರ ಪೀಠದಲ್ಲಿ

ಕಥೆ ಇಲ್ಲಿಗೇ ಮುಗಿದಿದ್ದರೆ ಇದೊಂದು ಸುಖಾಂತ ನೀತಿಕಥೆಯಾಗುತ್ತಿತ್ತು. ಆದರೆ ಮಹನೀಯರ ಜೀವನವನ್ನು ಬರೆಯುವವರು ಅರ್ಧ ಸತ್ಯವನ್ನು ಹೇಳಿ ಲೇಖನಿ ಕೆಳಗಿಡಬಾರದು. ನೊಬೆಲ್ ಪ್ರಶಸ್ತಿಯ ನಿರ್ಣಯಗಳಲ್ಲಿ ಅರ್ಹೇನಿಯಸ್ ಅವರ ಮಾತಿಗೆ ಬಹಳ ತೂಕವಿತ್ತು. ಒಮ್ಮೆ ತಮ್ಮ ಸಿದ್ಧಾಂತವನ್ನು ವಿಲೀನತೆಗೆ ಅನ್ವಯಿಸಿ ಬೆಳೆಸಿದ ನೆರ್ನ್ಸ್ಟ್ ಅವರೊಡನೆ ಮುಂದೆ ವೈಮನಸ್ಯ ಬೆಳೆದಾಗ, ಅವರಿಗೆ ಪ್ರಶಸ್ತಿ ಬರದಂತೆ ಅರ್ಹೇನಿಯಸ್ ವರ್ಷಗಟ್ಟಲೆ ಅಡ್ಡಿಯಾಗಿ ನಿಂತರು. ನೆರ್ನ್ಸ್ಟ್ ಅವರಿಗೆ 1920ರ ಪ್ರಶಸ್ತಿ ಕೈಸೇರಿದ್ದು 1921ರಲ್ಲಿ. ಆವರ್ತ ಕೋಷ್ಟಕವನ್ನು ಕೊಟ್ಟ ಮೆಂಡಲೀವ್ ಅವರ ಹೆಸರನ್ನು 1906ರಲ್ಲಿ ಸಮಿತಿ ಸೂಚಿಸಿದಾಗಲೂ ಅರ್ಹೇನಿಯಸ್ ವಿರೋಧಿಸಿದರು. ಮೆಂಡಲೀವ್ ಅಯಾನು ಸಿದ್ಧಾಂತವನ್ನು ಒಪ್ಪದವರಾಗಿದ್ದರು. ಮರುವರ್ಷ ಅವರು ತೀರಿಕೊಂಡರು, ಪ್ರಶಸ್ತಿ ಬರಲೇ ಇಲ್ಲ. ಇದಲ್ಲದೆ ಸ್ವೀಡನ್ನಿನಲ್ಲಿ ಜನಾಂಗ ಶುದ್ಧಿಯೆಂಬ ಹೆಸರಿನಲ್ಲಿ ನಡೆದ ಚಳವಳಿಗೂ ಅವರು ಬೆಂಬಲವಾಗಿದ್ದರೆಂಬುದು ಖೇದದ ಸಂಗತಿ.

ತಾನು ಬೆಂದ ಉರಿಯ ನೆನಪು ಮನುಷ್ಯನನ್ನು ಮೃದುವಾಗಿಸಬೇಕು. ಆದರೆ ಅದು ತಾನಾಗಿ ಆಗುವುದಿಲ್ಲ. ಅನ್ಯಾಯದ ದರ್ಜೆಗೆ ಗುರಿಯಾದವರೇ ಪರೀಕ್ಷಕರ ಪೀಠವೇರಿದಾಗ ಅಳತೆಗೋಲನ್ನು ಮತ್ತೆ ಓರೆಯಾಗಿ ಹಿಡಿದರು.

ಸಿದ್ಧಾಂತದ ಮುಂದಿನ ದಾರಿ

ಅರ್ಹೇನಿಯಸ್ ಅವರ ಲೆಕ್ಕ ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲದಂಥ ದುರ್ಬಲ ವಸ್ತುಗಳಿಗೆ ಸೊಗಸಾಗಿ ಹೊಂದಿತು. ಅಡುಗೆ ಉಪ್ಪಿನಂಥ ಪ್ರಬಲ ವಸ್ತುಗಳ ವಿಷಯದಲ್ಲಿ, ಅದರಲ್ಲೂ ಸಾರತೆ ಹೆಚ್ಚಾದಾಗ, ಅದು ತಪ್ಪುತ್ತಿತ್ತು. ಉಪ್ಪಿನ ಹರಳಿನಲ್ಲಿಯೇ ಅಯಾನುಗಳಿವೆ, ನೀರು ಅವನ್ನು ಬಿಡಿಸಿ ಹರಡುತ್ತದೆ, ಆದರೆ ಪರಸ್ಪರ ಸೆಳೆತದಿಂದ ಅವು ಪೂರ್ಣ ಸ್ವತಂತ್ರವಾಗಿರುವುದಿಲ್ಲ ಎಂಬುದು ಬಳಿಕ ತಿಳಿದುಬಂದಿತು. ಈ ದಿಕ್ಕಿನಲ್ಲಿ 1918ರ ವೇಳೆಗೆ ಗಮನಾರ್ಹ ಪ್ರಯತ್ನ ಮಾಡಿದವರು ಕಲ್ಕತ್ತೆಯ ತರುಣ ಜ್ಞಾನಚಂದ್ರ ಘೋಷ್. ಪ್ರಬಲ ವಸ್ತುಗಳು ನೀರಿನಲ್ಲಿ ಸಂಪೂರ್ಣವಾಗಿ ಅಯಾನುಗಳಾಗಿಯೇ ಇರುತ್ತವೆ ಎಂದು ಅವರು ಪ್ರತಿಪಾದಿಸಿದರು. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಈ ಸಮಸ್ಯೆಗೆ ಹೆಚ್ಚು ಸಮರ್ಪಕವಾದ ಸಿದ್ಧಾಂತ ನೀಡಿದರು. ಇದೇ ಘೋಷ್ ಅವರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದು ಅದನ್ನು ಬೆಳೆಸಿದರೆಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಮಾತು.

ಅರ್ಹೇನಿಯಸ್ ಅವರು 1927ರ ಅಕ್ಟೋಬರ್ 2ರಂದು ಸ್ಟಾಕ್‌ಹೋಮಿನಲ್ಲಿ ನಿಧನರಾದರು. ಅವರನ್ನು ಸಮಾಧಿ ಮಾಡಿದ್ದು, ನಾಲ್ಕನೆಯ ದರ್ಜೆ ಕೊಟ್ಟ ಅದೇ ಉಪ್ಸಾಲಾದಲ್ಲಿ.

ಅವರ ಲೆಕ್ಕ ಇಂದಿಗೂ ನಮ್ಮ ಮನೆಗಳಲ್ಲಿದೆ. ಮಗುವಿಗೆ ಭೇದಿಯಾದಾಗ ಒಂದು ಲೀಟರ್ ನೀರಿಗೆ ಬೆರೆಸಿ ಕುಡಿಸುವ ಓಆರ್‌ಎಸ್ ಪೊಟ್ಟಣವನ್ನೇ ನೋಡಿರಿ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಸೂತ್ರದಂತೆ ಅದರಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇರುತ್ತವೆ. ಕರಗಿದ ಮೇಲೂ ಇವು ಒಡೆಯುವುದಿಲ್ಲವೆಂದು ಎಣಿಸಿದರೆ ಒಟ್ಟು ಸುಮಾರು 150 ಮಿಲಿಮೋಲ್ ಆಗುತ್ತದೆ. ಗ್ಲೂಕೋಸ್ ಮಾತ್ರ ಇಡಿಯಾಗಿ ಉಳಿದು, ಉಪ್ಪು ಮತ್ತು ಪೊಟ್ಯಾಸಿಯಂ ಕ್ಲೋರೈಡ್ ಎರಡೆರಡಾಗಿ, ಸಿಟ್ರೇಟ್ ನಾಲ್ಕಾಗಿ ಒಡೆಯುವುದನ್ನು ಲೆಕ್ಕಕ್ಕೆ ಹಿಡಿದರೆ ಅದು 245 ಆಗುತ್ತದೆ. ಕರುಳಿನಲ್ಲಿ ನೀರು ಯಾವ ಕಡೆಗೆ ಹರಿಯಬೇಕೆಂಬುದಕ್ಕೆ ಈ ಕಣಗಳ ಲೆಕ್ಕ ಬಹುಮುಖ್ಯ. ಹಿಂದಿನ ಸೂತ್ರದಲ್ಲಿ 311ರಷ್ಟಿದ್ದ ಈ ಸಂಖ್ಯೆಯನ್ನು 245ಕ್ಕೆ ಇಳಿಸಿದ್ದು ಮಕ್ಕಳಿಗೆ ಹೆಚ್ಚು ಹಿತವಾಗಲೆಂದೇ. ಪೊಟ್ಟಣಕ್ಕೆ ಹೇಳಿದಷ್ಟೇ ನೀರು ಬೆರೆಸಬೇಕು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಹತ್ತಾರು ವರ್ಷ ಅಂಕಿಗಳೊಡನೆ ಬಾಳಿದ ನಾವು ಅಂಕಿಗಳನ್ನು ಹಗುರವಾಗಿ ಕಾಣುವವರಲ್ಲ. ಅಂಕಪಟ್ಟಿಗೂ ಅದರದೇ ಬೆಲೆಯಿದೆ. ಆದರೆ ಎಷ್ಟು ಗ್ರಾಂ ಕರಗಿದೆ ಎಂದು ತಿಳಿದ ಮಾತ್ರಕ್ಕೆ ದ್ರಾವಣದ ಒಳಗೇನು ನಡೆದಿದೆ ಎಂಬುದು ತಿಳಿಯುವುದಿಲ್ಲ. ಈ ಬಾರಿ ಫಲಿತಾಂಶ ಬಂದಾಗ ಕಡಿಮೆ ಅಂಕ ಪಡೆದ ಮಗುವಿನ ತಂದೆತಾಯಿಗಳು ಇದನ್ನೊಮ್ಮೆ ನೆನೆಯಲಿ. ಅಂಕ ಕೊಡುವ ಸ್ಥಾನದಲ್ಲಿರುವವರು, ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ನಾವೆಲ್ಲರೂ ಒಂದಲ್ಲ ಒಂದು ದಿನ ಆ ಸ್ಥಾನದಲ್ಲಿರುವವರೇ, ಅರ್ಹೇನಿಯಸ್ ಅವರ ಬದುಕಿನ ಉತ್ತರಾರ್ಧವನ್ನೂ ಮರೆಯದಿರಲಿ ಎಂಬುದೇ ನಮ್ಮ ವಿನಂತಿ.